ಹಿಂದಿನ ಎಡ ಚಕ್ರ

ಬೈಂಡರ್‌ನ ಅಣ್ಣ ತೀರಿಕೊಂಡು ಎರಡು ತಿಂಗಳಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಅತ್ತಿಗೆ ಅವನ ಮನೆಗೆ ಬಂದು ಕಾರನ್ನು ಸರಿಮಾಡಿಕೊಡು ಎಂದರು.

ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವನ ಕಸುಬು. ಹಾಗಾಗಿ ಓಣಿಗೆಲ್ಲ ಅವನು ಬೈಂಡರ್. ಅಂಟು ಹಚ್ಚುತ್ತಿದ್ದ ಕೈ ನಿಲ್ಲಿಸದೆ ಹೇಳಿದ, "ಗುಜರಿಗೆ ಹಾಕೋಣ ಅಂದ್ಕೊಂಡಿದ್ದೆ, ಅತ್ತಿಗೆ."

"ಗುಜರಿಗೆ ಹಾಕಿ ನಾನು ಸ್ಕೂಲಿಗೆ ಡ್ರಾಯಿಂಗ್ ಶೀಟೆಲ್ಲ ತಲೆ ಮೇಲೆ ಹೊತ್ಕೊಂಡು ಹೋಗ್ಲಾ? ನಂಗೂ ಓಡಿಸೋಕೆ ಬರುತ್ತೆ. ಮಾಡ್ಕೊಡು."

ಕಾರು ಅಪ್ಪನ ಕಾಲದ್ದು, ನಲವತ್ತು ವರ್ಷ ದಾಟಿದ್ದು. ಓಡಿಸುವುದು ಅಣ್ಣ, ರಿಪೇರಿ ಬೈಂಡರ್‌ನದು. ಅಣ್ಣನ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಭಾನುವಾರಗಳೆಲ್ಲ ಅದರ ಹೊಟ್ಟೆಯಡಿಯಲ್ಲೇ ಕಳೆದಿದ್ದವು. ಎರಡು ತಿಂಗಳ ಹಿಂದೆ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಅದು ಕಲ್ಲಿನ ಗೋಡೆಗೆ ಗುದ್ದಿತು. ಅಣ್ಣ ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಹೋದ.

ಬೈಂಡರ್ ಅಳಲಿಲ್ಲ. ಅತ್ತರೆ ಹಗುರಾಗುತ್ತದೆ ಎಂದು ನೆಂಟರು ಬೆನ್ನು ತಟ್ಟಿದಾಗ ಅದು ಬೇರೆ ಯಾರದೋ ಬೆನ್ನಿನಂತೆ ಅನ್ನಿಸಿತು. ತಟ್ಟೆಗೆ ಹಾಕಿದ್ದನ್ನು ತಿಂದ. ಹೆಂಡತಿ ಒಮ್ಮೆ ಬೇಕೆಂದೇ ಉಪ್ಪು ಹಾಕದೆ ಬಡಿಸಿ ನೋಡಿದಳು. ಅದನ್ನೂ ತಿಂದು ಕೈ ತೊಳೆದ.

ನುಜ್ಜುಗುಜ್ಜಾದ ಮುಂಭಾಗವನ್ನು ಟಿಂಕರಿಂಗ್‌ನವನು ಬಂದು ತಟ್ಟಿ ನೇರ ಮಾಡಿದ. ಹೊಸ ರೇಡಿಯೇಟರ್ ಕೂತಿತು. ಉಳಿದದ್ದು ಬ್ರೇಕು. ಬೈಂಡರ್ ಜಾಕ್ ಕೊಟ್ಟು ಒಂದೊಂದೇ ಚಕ್ರ ಬಿಚ್ಚಿದ. ಮೂರು ಒಣಗಿದ್ದವು. ಹಿಂದಿನ ಎಡ ಚಕ್ರದ ಡ್ರಮ್ ತೆಗೆದರೆ ಒಳಗೆಲ್ಲ ಬ್ರೇಕ್ ಆಯಿಲ್ ಸೋರಿ ಧೂಳು ಕೆಸರಾಗಿತ್ತು. ಆಯಿಲ್ ತಡೆಯಬೇಕಾದ ರಬ್ಬರ್ ವಾಷರ್‌ನ ಅಂಚು ಸೀಳಿತ್ತು.

ಅದನ್ನು ನೋಡಿದೊಡನೆ ಗುರುತು ಹಿಡಿದ. ಕಳೆದ ಸಲ ಎಲ್ಲ ಚಕ್ರಗಳಿಗೂ ಹೊಸ ವಾಷರ್ ಹಾಕುವಾಗ ಒಂದರ ಅಳತೆ ಸರಿಬರಲಿಲ್ಲ. ಅಂಗಡಿ ಮುಚ್ಚಿತ್ತು. ಹಳೆಯದನ್ನೇ ತೊಳೆದು, ಇನ್ನೊಂದು ತಿಂಗಳು ಬಂದೀತು ಎಂದು ವಾಪಸು ಹಾಕಿದ್ದ. ಆಮೇಲೆ ಮರೆತಿದ್ದ. ಆ ಕಾಲದ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಆಯಿಲ್ ಒಂದೇ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಕೈಕೊಡುತ್ತವೆ.

ವಾಷರನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತ. ಏನಾದರೂ ಆಗಬಹುದು ಎಂದು ಕಾದ. ಏನೂ ಆಗಲಿಲ್ಲ. ಮೊಣಕಾಲಿನ ಕೆಳಗೆ ಒಂದು ನಟ್ಟು ಒತ್ತುತ್ತಿತ್ತು. ಅದನ್ನು ತೆಗೆದು ಡಬ್ಬಿಗೆ ಹಾಕಿದ.

ಅತ್ತಿಗೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಮಕ್ಕಳ ಚಿತ್ರಗಳಿಗೆ ಮಾರ್ಕು ಹಾಕುತ್ತಿದ್ದರು. ಅವನು ಎದ್ದು ಹೋಗಿ ವಾಷರನ್ನು ಅವರ ಮುಂದೆ ಹಿಡಿದ.

"ಅತ್ತಿಗೆ, ಇದು ಹಳೇದು. ಹೊಸದು ಸೈಜ್ ಬರ್ಲಿಲ್ಲ ಅಂತ ನಾನೇ ಇದನ್ನ ವಾಪಸ್ ಹಾಕಿದ್ದೆ. ಇದೇ ಹರಿದಿರೋದು. ಅಣ್ಣ ಹೋಗಿದ್ದು ನನ್ನಿಂದ."

ಅತ್ತಿಗೆ ಅದನ್ನು ತೆಗೆದುಕೊಂಡು ಬೆರಳಲ್ಲಿ ಹೊಸಕಿದರು. ಬೆರಳು ಕಪ್ಪಾಯಿತು.

"ಪೆಡಲ್ ಕೆಳಗೆ ಹೋಗ್ತಿದೆ ಅಂತ ಅವರು ನಂಗೆ ಎರಡು ದಿನ ಮುಂಚೇನೇ ಹೇಳಿದ್ರು," ಎಂದರು.

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳಿದ್ರೆ ವಾರಗಟ್ಲೆ ಗಾಡಿ ಬಿಚ್ಚಿ ಹರಡ್ಕೊಂಡು ಕೂರ್ತೀಯ ಅಂದ್ರು. ಎರಡು ಸಲ ಒತ್ತಿದ್ರೆ ಹಿಡಿಯುತ್ತೆ, ಭಾನುವಾರ ನೋಡಿದ್ರಾಯ್ತು ಅಂದ್ರು. ನಾನೂ ಹೂಂ ಅಂದೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತ, ಈಗ ಎಲ್ರೂ ಅವರನ್ನ ಎಷ್ಟು ಹುಷಾರಿನ ಮನುಷ್ಯ ಅಂತಾರೆ. ನಾವು ಮೂರು ಜನದಲ್ಲಿ ಯಾರೂ ಹುಷಾರಾಗಿರ್ಲಿಲ್ಲ."

"ಹಾಗಾದ್ರೆ..."

"ಹಂಚ್ಕೊಂಡ್ರೆ ಕಮ್ಮಿ ಆಗುತ್ತೆ ಅಂತ ಹೇಳ್ತಿಲ್ಲ ನಾನು. ಆಗಲ್ಲ. ಎರಡು ತಿಂಗಳಿಂದ ನೋಡ್ತಿದೀನಿ."

ಬೈಂಡರ್‌ಗೆ ಸಮಾಧಾನವೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಮಾರನೆಯ ದಿನ ಮೂರು ಅಂಗಡಿ ಅಲೆದು, ಅಳತೆ ನೋಡಿ, ಎಲ್ಲ ಚಕ್ರಗಳಿಗೂ ಹೊಸ ವಾಷರ್ ತಂದು ಕೂರಿಸಿದ. ಪೈಪಿನಲ್ಲಿ ಸಿಕ್ಕಿದ ಗಾಳಿ ತೆಗೆಯಲು ಇಬ್ಬರು ಬೇಕು. ಅತ್ತಿಗೆ ಸೀಟಿನಲ್ಲಿ ಕುಳಿತರು. ಅವನು ಸ್ಪ್ಯಾನರ್ ಹಿಡಿದು ಚಕ್ರದ ಹಿಂದೆ ಮಲಗಿದ.

"ಒತ್ತಿ. ಒತ್ಕೊಂಡೇ ಇರಿ. ಹಾಂ, ಬಿಡಿ."

ಹಿಂದೆ ಈ ಕೆಲಸ ಅಣ್ಣನದು. ಹರಟುತ್ತಾ, ಹೇಳುವ ಮೊದಲೇ ಕಾಲು ತೆಗೆದು ಬೈಸಿಕೊಳ್ಳುತ್ತಿದ್ದ. ಅತ್ತಿಗೆ ಹೇಳಿದಷ್ಟೇ ಮಾಡಿದರು. ಕೊನೆಯ ಚಕ್ರದಲ್ಲೂ ಸ್ಕ್ರೂವಿನಿಂದ ಬರುವ ಆಯಿಲ್‌ನ ಗುಳ್ಳೆಗಳು ನಿಂತವು. ಸ್ಕ್ರೂ ಬಿಗಿಮಾಡಿದ. ಬಿಡಿ ಎನ್ನದೆ, ಸ್ಪ್ಯಾನರನ್ನು ಹಿಡಿದುಕೊಂಡು ಅಲ್ಲೇ ಮಲಗಿದ್ದ.

"ಬಿಡ್ಲಾ?" ಎಂದು ಅತ್ತಿಗೆ ಮೇಲಿಂದ ಕೇಳಿದರು.

ಅತ್ತಿಗೆ ಮತ್ತೆ ಕೇಳದೆ, ಕಾಲು ನಡುಗುವವರೆಗೂ ಪೆಡಲ್ ಒತ್ತಿಕೊಂಡೇ ಕುಳಿತರು. ಅವನ ಕಣ್ಣು ಒಣಗಿಯೇ ಇತ್ತು. ಸ್ವಲ್ಪ ಹೊತ್ತಿಗೆ "ಬಿಡಿ" ಎಂದ.

ಸಮತಟ್ಟು ರಸ್ತೆಯಲ್ಲಿ ಹತ್ತು ಸಲ ನಿಲ್ಲಿಸಿ ನೋಡಿದರು. ಆಮೇಲೆ ಅತ್ತಿಗೆ ಏನೂ ಕೇಳದೆ ಇಳಿಜಾರಿಗೆ ತಿರುಗಿಸಿದರು. ಗೋಡೆಗೆ ಆಗಲೇ ಸಿಮೆಂಟು ಮೆತ್ತಿ ಸುಣ್ಣ ಬಳಿದಿದ್ದರು. ಕಾರು ಅದನ್ನು ದಾಟಿ, ಕೆಳಗೆ ಬಂದು ಮೆಲ್ಲಗೆ ನಿಂತಿತು.

ಮರುವಾರದಿಂದ ಅತ್ತಿಗೆ ಕಾರಿನಲ್ಲೇ ಸ್ಕೂಲಿಗೆ ಹೋದರು. ಮೂರನೆಯ ವಾರ, ಹಾರ್ನು ಒಮ್ಮೊಮ್ಮೆ ಕೂಗುತ್ತಿಲ್ಲ, ಇವತ್ತೇ ಬಂದು ನೋಡು ಎಂದು ಫೋನ್ ಮಾಡಿದರು. ಬೈಂಡರ್ ಅಂಟಿನ ಡಬ್ಬಿ ಮುಚ್ಚಿ, ಒಂದು ಮೊಳ ವೈರು ತೆಗೆದುಕೊಂಡು ಹೊರಟ.