ಬೋಲ್ಟಿನ ತಲೆಯ ನಂಬರು

ಶಿಡ್ಲಘಟ್ಟದ ಬಸ್ ನಿಲ್ದಾಣದಿಂದ ಕೂಗಳತೆ ದೂರದಲ್ಲಿ ರಾಮಲಕ್ಷ್ಮಮ್ಮನ ನಟ್ಟು-ಬೋಲ್ಟಿನ ಅಂಗಡಿ ಇತ್ತು. ಅಂಗಡಿಯೆಂದರೆ ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲೇ ಕಾಯಬೇಕಾದಷ್ಟು ಜಾಗ. ಆದರೆ ಗೋಡೆಯುದ್ದಕ್ಕೂ ತಗಡಿನ ಡಬ್ಬಗಳು, ಒಂದೊಂದರಲ್ಲಿ ಒಂದೊಂದು ಜಾತಿ. ರೇಷ್ಮೆ ಬಿಚ್ಚುವ ಯಂತ್ರಕ್ಕೆ ಕೈಯಲ್ಲೇ ತಿರುಗಿಸುವ ಎರಡು ಕಿವಿಯ ನಟ್ಟು, ಅದುರುವ ಕಡೆ ನಟ್ಟು ಸಡಿಲವಾಗದಂತೆ ಹಿಡಿಯುವ ಸ್ಪ್ರಿಂಗ್ ವಾಷರು, ಟ್ರೇಲರಿನ ಪಟ್ಟಿಗಳನ್ನು ತಬ್ಬಿ ಹಿಡಿಯುವ ಯು ಬೋಲ್ಟು, ಒಮ್ಮೆ ಬಡಿದರೆ ಕತ್ತರಿಸಿಯೇ ತೆಗೆಯಬೇಕಾದ ರಿವೀಟು, ಚಕ್ರ ಕಳಚದಂತೆ ಕಾಯುವ ಬಡಪಾಯಿ ಸ್ಪ್ಲಿಟ್ ಪಿನ್ನು. ಈ ಲೋಕವನ್ನು ಯಾರು ಹೊತ್ತಿದ್ದಾರೆ ಎಂದು ವಾದಕ್ಕಿಳಿಯುವ ದೊಡ್ಡ ಮನುಷ್ಯರು ಅರ್ಧ ಗಂಟೆ ಇಲ್ಲಿ ಕೂತಿದ್ದರೆ ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು.

ಗಂಡ ಚೆನ್ನರಾಯಪ್ಪ ತೀರಿಕೊಂಡ ಮೇಲೆ ಅಂಗಡಿ ಅವಳ ಪಾಲಿಗೆ ಬಂದಿತ್ತು. ಒಂದು ವರ್ಷದಲ್ಲೇ ಅವಳ ಕೈ ಎಷ್ಟು ಪಳಗಿತೆಂದರೆ, ಗಿರಾಕಿ ಹಳೇ ಬೋಲ್ಟು ತಂದು ಮುಂದಿಟ್ಟರೆ ಅಳತೆ ಹಿಡಿಯುವ ಗೋಜೇ ಇರಲಿಲ್ಲ, ಬೆರಳಲ್ಲಿ ಒಂದು ಸಲ ಉರುಳಿಸಿ ಅದರ ಜೋಡಿಯನ್ನು ತೆಗೆದು ಕೊಡುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಕೈಯನ್ನು ನಂಬಬಾರದೆಂದು ಗಂಡ ಹೇಳಿಕೊಟ್ಟಿದ್ದ. ಹೆಚ್ಚು ಭಾರ ಹೊರುವ ಎಚ್‌ಟಿ ಬೋಲ್ಟಿನ ತಲೆಯ ಮೇಲೆ 8.8 ಎಂದು ನಂಬರು ಉಬ್ಬಿಕೊಂಡಿರುತ್ತದೆ. ಸಾದಾ ಬೋಲ್ಟಿನ ತಲೆ ಬೋಳು. ಉದ್ದ, ದಪ್ಪ, ಎಣ್ಣೆಗಪ್ಪು ಬಣ್ಣ ಎಲ್ಲ ಒಂದೇ. ಆದರೆ ಒಂದು ಹೊರುವ ಭಾರದಲ್ಲಿ ಅರ್ಧ ಬೀಳುವಷ್ಟರಲ್ಲೇ ಇನ್ನೊಂದು ಮುರಿಯುತ್ತದೆ. "ಕಣ್ಣಲ್ಲಿ ನೋಡಿ ಕೊಡು ಕಣೇ, ಇದರಲ್ಲಿ ಕೈ ಸುಳ್ಳು ಹೇಳ್ತದೆ" ಎನ್ನುತ್ತಿದ್ದ.

ಅವನದೇ ಇನ್ನೊಂದು ಪದ್ಧತಿಯೂ ಇತ್ತು. ಆಯುಧಪೂಜೆಯ ದಿನ ಪ್ರತಿ ಡಬ್ಬದಿಂದ ಒಂದೊಂದನ್ನು ತೆಗೆದು, ಹಿತ್ತಾಳೆ ತಟ್ಟೆಯಲ್ಲಿ ದೇವರ ಮುಂದಿಟ್ಟು, ತಲೆಗೆ ಕುಂಕುಮ ಹಚ್ಚಿ, ಮಾರನೇ ದಿನ ಆಯಾ ಡಬ್ಬಕ್ಕೆ ಸೇರಿಸುವುದು. ಆ ಕುಂಕುಮವನ್ನು ಒರೆಸುತ್ತಿರಲಿಲ್ಲ. ಪೂಜೆಯ ಬೋಲ್ಟು ತಮ್ಮ ಪಾಲಿಗೆ ಬಂದರೆ ಒಳ್ಳೆಯದೆಂದು ಗಿರಾಕಿಗಳು ಕೇಳಿ ಒಯ್ಯುತ್ತಿದ್ದರು. ಅವನು ಸತ್ತ ವರ್ಷ ಸೂತಕವೆಂದು ಪೂಜೆ ತಪ್ಪಿತು. 2006ರ ಆಯುಧಪೂಜೆಗೆ ರಾಮಲಕ್ಷ್ಮಮ್ಮ ತಾನೇ ಕೂತಳು. ಗಂಡ ಸತ್ತವಳು ಕುಂಕುಮದ ಬಟ್ಟಲು ಮುಟ್ಟುವುದೇ ಎಂದು ಬೀದಿಯಲ್ಲಿ ನಾಲ್ಕು ಜನ ಆಡಿಕೊಂಡರು. ಅಂಗಡಿ ನಡೆಸಬೇಕಾದವರು ಆ ನಾಲ್ಕು ಜನ ಅಲ್ಲವಲ್ಲ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರನೇ ದಿನ ತಟ್ಟೆಯಲ್ಲಿದ್ದ ಅರವತ್ತು ತುಂಡುಗಳನ್ನೂ ಸರಸರನೆ ಡಬ್ಬಗಳಿಗೆ ಹಾಕಿ ವ್ಯಾಪಾರಕ್ಕೆ ಕೂತಳು.

ಮೂರನೇ ದಿನ ಆವುಲಪ್ಪ ಬಂದ. ಕೊಳವೆಬಾವಿಯಿಂದ ಕೆಟ್ಟ ಮೋಟಾರು ಎತ್ತುವ ಗುಂಪಿನವನು. ಮೂವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

"ಮುಕ್ಕಾಲು ಇಂಚಿಂದು ನಾಲ್ಕು ಎಚ್‌ಟಿ ಕೊಡಮ್ಮ, ಕ್ಲ್ಯಾಂಪಿಗೆ" ಎಂದ.

ಅವಳು ಎಚ್‌ಟಿ ಡಬ್ಬಕ್ಕೆ ಕೈ ಹಾಕಿ ನಾಲ್ಕನ್ನು ಎಣಿಸಿದಳು. ಒಂದರ ತಲೆಯ ತುಂಬ ಕುಂಕುಮ.

"ನೋಡಪ್ಪ, ಪೂಜೆ ಬೋಲ್ಟು ನಿಂಗೇ ಬಂತು" ಎಂದು ನಕ್ಕಳು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡ.

ನಮ್ಮ ಕಡೆ ನೀರು ಪಾತಾಳಕ್ಕಿಳಿದು ಎಷ್ಟೋ ವರ್ಷವಾಯಿತು. ಎಂಟುನೂರು, ಸಾವಿರ ಅಡಿಯ ಬಾವಿ. ಮೋಟಾರು ಎತ್ತುವಾಗ ಇಪ್ಪತ್ತಡಿಯ ಒಂದೊಂದೇ ಪೈಪನ್ನು ಸರಪಳಿಯಲ್ಲಿ ಮೇಲೆಳೆದು ಬಿಚ್ಚಬೇಕು. ಬಿಚ್ಚುವಷ್ಟು ಹೊತ್ತು ಕೆಳಗಿನ ಅಷ್ಟೂ ಪೈಪಿನ ಭಾರ ಬಾವಿಯ ಬಾಯಿಗೆ ಅಡ್ಡಲಾಗಿ ಕೂತ ಕ್ಲ್ಯಾಂಪಿನ ಮೇಲೆ. ಎರಡು ಕಬ್ಬಿಣದ ಹೋಳು ಪೈಪನ್ನು ಆಚೆ ಈಚೆ ಕಚ್ಚಿಕೊಂಡಿರುತ್ತವೆ, ಆ ಹೋಳುಗಳನ್ನು ನಾಲ್ಕು ಬೋಲ್ಟು ಬಿಗಿದಿರುತ್ತವೆ. ಅದಕ್ಕೇ ಈ ಗುಂಪುಗಳಲ್ಲಿ ಒಂದು ಕಟ್ಟುನಿಟ್ಟು. ಕ್ಲ್ಯಾಂಪಿನ ಸ್ಪ್ಯಾನರ್ ಹಿಡಿಯುವವನು ಒಬ್ಬನೇ. ಅವನು "ಕಚ್ತು" ಎಂದ ಮೇಲೆಯೇ ಸರಪಳಿ ಸಡಿಲ ಬಿಡುವುದು. ಅವನ ಬಿಗಿತವನ್ನು ಇನ್ನೊಬ್ಬ ಮುಟ್ಟಿ ಪರೀಕ್ಷಿಸಿದರೆ ಅದು ಅವಮಾನ. ಹತ್ತು ವರ್ಷದಿಂದ ಆ ಸ್ಪ್ಯಾನರ್ ಆವುಲಪ್ಪನ ಕೈಯಲ್ಲಿತ್ತು.

ಹದಿನೈದು ದಿನದ ಮೇಲೆ ಜಂಗಮಕೋಟೆ ಹತ್ತಿರದ ತೋಟವೊಂದರಲ್ಲಿ ಅವನು "ಕಚ್ತು" ಎಂದ. ಸರಪಳಿ ಬಿಟ್ಟರು. ಒಂದು ಬೋಲ್ಟು ಮುರಿಯಿತು, ಪೈಪುಗಳೆಲ್ಲ ಬಾವಿಗೆ ಜಾರಿದವು, ಕ್ಲ್ಯಾಂಪಿನ ಹೋಳು ಸಿಡಿದು ಎದುರಿಗೆ ನಿಂತಿದ್ದ ಗಂಗರಾಜುವಿನ ಎದೆಗೆ ಬಡಿಯಿತು. ಆಸ್ಪತ್ರೆ ಸೇರುವ ಮೊದಲೇ ಉಸಿರು ಹೋಯಿತು. ಇಪ್ಪತ್ತನಾಲ್ಕು ವರ್ಷ. ಆವುಲಪ್ಪನ ಹೆಂಡತಿ ತನುಜಳ ಸ್ವಂತ ತಮ್ಮ.

ಬಿಗಿದವನದೇ ತಪ್ಪು ಎಂದರು ಎಲ್ಲರೂ. ಕೆಲವರು ಸಾಕಷ್ಟು ಬಿಗಿಯಲಿಲ್ಲ ಎಂದರು, ಕೆಲವರು ಮಿತಿಮೀರಿ ಬಿಗಿದು ಮುರಿದ ಎಂದರು. ಗುಂಪು ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡಿತು. ತನುಜ ಕರ್ಮಾಂತರಕ್ಕೆಂದು ಮೇಲೂರಿನ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಕರೆಯಲು ಹೋದ ಗಂಡನನ್ನು ಹೊಸಿಲು ದಾಟಲು ಬಿಡಲಿಲ್ಲ.

ತಿಂಗಳು ಕಳೆದು ಒಂದು ಬೆಳಗ್ಗೆ ಆವುಲಪ್ಪ ಅಂಗಡಿಗೆ ಬಂದು, ಬಟ್ಟೆಯಲ್ಲಿ ಸುತ್ತಿದ ತುಂಡೊಂದನ್ನು ಅವಳ ಮುಂದಿಟ್ಟ.

"ಮುರಿದ ಬೋಲ್ಟಮ್ಮ. ಬಿಚ್ಚಿ ನೋಡಕ್ಕೆ ನಂಗೆ ಧೈರ್ಯ ಇಲ್ಲ. ನೀನು ಕಬ್ಬಿಣ ಬಲ್ಲವಳು. ನಾನು ಜಾಸ್ತಿ ಬಿಗಿದಿದ್ದಕ್ಕೆ ಮುರೀತಾ, ಏನು ಅಂತ ಹೇಳು. ಬಿಗಿದಿದ್ದಕ್ಕೇ ಅಂದ್ರೂ ಪರವಾಗಿಲ್ಲ. ಗೊತ್ತಾದ್ರೆ ಸಾಕು."

"ಯಾವ ಬೋಲ್ಟಪ್ಪ ಇದು?"

"ಪೂಜೆದು. ಗಂಗರಾಜು ಚಿಕ್ಕವನು ಅಂತ ಅದನ್ನ ಅವನು ನಿಲ್ಲೋ ಕಡೆಗೇ ಹಾಕಿದ್ದೆ. ಕಾಯ್ಲಿ ಅಂತ."

ಅವಳು ಬಟ್ಟೆ ಬಿಚ್ಚಿದಳು. ತಲೆಯ ಮೇಲೆ ಕುಂಕುಮ ಎಣ್ಣೆಯಲ್ಲಿ ಕಲಸಿ ಮಣ್ಣು ಹಿಡಿದು ಹೆಪ್ಪುಗಟ್ಟಿತ್ತು. ಸೀಮೆಎಣ್ಣೆಯ ಚಿಂದಿಯಿಂದ ಒರೆಸಿದಳು. ಇನ್ನೊಮ್ಮೆ ಒರೆಸಿದಳು. ಬೋಳು ತಲೆ.

"ಸಂಜೆವರೆಗೂ ಟೈಮ್ ಕೊಡಪ್ಪ" ಎಂದಳು. ಅವನು ತಲೆಯಾಡಿಸಿ ಹೋದ.

ಅವಳು ಸಾದಾ ಬೋಲ್ಟಿನ ಡಬ್ಬವನ್ನು ಗೋಣಿಚೀಲದ ಮೇಲೆ ಸುರಿದಳು. ನೂರಾರು ಬೋಳು ತಲೆಗಳ ನಡುವೆ ಕುಂಕುಮ ಹಚ್ಚಿದ್ದು ಒಂದೇ ಒಂದು. ಒರೆಸಿದಳು. 8.8. ತಟ್ಟೆಯಿಂದ ಹಿಂದಕ್ಕೆ ಹಾಕುವಾಗ ಎರಡನ್ನೂ ಅದಲು ಬದಲು ಮಾಡಿದ್ದಳು. ಕುಂಕುಮ ಒರೆಸಬಾರದೆಂದು ನಂಬರು ನೋಡಿರಲಿಲ್ಲ, ಕೈಯ ಅಂದಾಜಿನಲ್ಲೇ ಹಾಕಿದ್ದಳು. ಒಂದು ಗಂಟೆ ಅವಳು ಆ ಕಬ್ಬಿಣದ ರಾಶಿಯ ಮುಂದೆ ಕೂತೇ ಇದ್ದಳು. ಬಂದ ಗಿರಾಕಿಗಳು ಕರೆದು ಕರೆದು ಹೋದರು.

ಪಕ್ಕದಲ್ಲೇ ಪೈಪಿನ ಅಂಗಡಿ ಇಟ್ಟಿದ್ದ ಮೈದುನ ಮುನಿವೆಂಕಟಪ್ಪನಿಗೆ ಅವಳು ವಿಷಯ ತಿಳಿಸಿದಳು. ಅವನು ಮೊದಲು ಬೀದಿಯತ್ತ ನೋಡಿದ, ಆಮೇಲೆ ದನಿ ತಗ್ಗಿಸಿದ.

"ಎಂದುಕು ವದಿನಾ ಈ ಗೊಡವ? ಇಲ್ಲದ ತಂಟೆ ಯಾಕೆ ಮೈಮೇಲೆ ಎಳ್ಕೊಂತೀಯ ಅತ್ತಿಗೆ? ಪೊಲೀಸ್ನವರೇ ಬರ್ಕೊಂಡು ಮುಗಿಸವ್ರೆ. ಜನ ನಂಬರು ಗಿಂಬರು ಅನ್ನಲ್ಲ. ಮುಂಡೆ ಹಚ್ಚಿದ ಕುಂಕುಮ, ಅದಕ್ಕೇ ಹುಡುಗ ಸತ್ತ ಅಂತಾರೆ. ನಾನನ್ನಲ್ಲ, ಅವ್ರು ಅಂತಾರೆ. ಆಮೇಲೆ ಈ ಅಂಗಡಿಗೆ ಒಂದು ನಾಯಿನೂ ಬರಲ್ಲ. ಸುಮ್ಕಿರು."

ಅವನು ಕೆಟ್ಟವನಲ್ಲ. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅಂಗಡಿ ಹೋದರೆ ಅವಳಿಗೆ ಬೇರೆ ದಿಕ್ಕಿಲ್ಲ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಭಯವಾಯಿತು. ಬೋಲ್ಟು ಹಳೇದಾಗಿತ್ತಪ್ಪ, ಯಾರ ತಪ್ಪೂ ಅಲ್ಲ ಎಂದುಬಿಟ್ಟರೆ ಅವನೂ ನಿರಾಳ, ತಾನೂ ನಿರಾಳ ಎಂಬ ಸುಳ್ಳನ್ನು ಮನಸ್ಸು ಎರಡು ಸಲ ಕಟ್ಟಿ ಕೊಟ್ಟಿತು. ಆದರೆ ಸಂಜೆ ಆವುಲಪ್ಪ ಬಂದು ಕೈ ಕಟ್ಟಿ ನಿಂತಾಗ ಆ ಸುಳ್ಳು ಬಾಯಿಗೆ ಬರಲಿಲ್ಲ.

"ನಿಂದು ತಪ್ಪಿಲ್ಲಪ್ಪ. ನಾನು ಕೊಟ್ಟಿದ್ದು ಸಾದಾ ಬೋಲ್ಟು" ಎಂದು ಎರಡನ್ನೂ ಅವನ ಮುಂದಿಟ್ಟು ನಡೆದದ್ದನ್ನು ಹೇಳಿದಳು.

ಅವನು ಬೈಯಲಿಲ್ಲ. ಎರಡನ್ನೂ ಕೈಗೆತ್ತಿಕೊಂಡು ಕಲ್ಲಿನ ಮೆಟ್ಟಿಲ ಮೇಲೆ ಕೂತ.

"ಕುಂಕುಮ ಒರೆಸಿ ನೋಡಿದ್ರೆ ನಂಗೂ ಕಾಣ್ತಿತ್ತು" ಎಂದ. "ನಂಗೆ ಹೇಳಿ ಏನಾಗ್ಬೇಕಮ್ಮ? ಮೇಲೂರಲ್ಲಿ ಹೇಳು. ಅದನ್ನ ಅವನ ಕಡೆಗೆ ಹಾಕಿದ್ದು ನಾನೇ ಅನ್ನೋದ್ನೂ ಹೇಳು. ಮುಚ್ಚಿಡಬ್ಯಾಡ."

ಮಾರನೇ ಬೆಳಗ್ಗೆ ಇಬ್ಬರೂ ಮೇಲೂರಿಗೆ ಹೋದರು. ಬಸ್ಸಿಳಿದ ಆವುಲಪ್ಪ ಅಲ್ಲೇ ಅರಳಿಮರದ ಕೆಳಗೆ ನಿಂತ. ರಾಮಲಕ್ಷ್ಮಮ್ಮ ದಾರಿ ಕೇಳಿಕೊಂಡು ಗಂಗುಲಮ್ಮನ ಮನೆ ಹುಡುಕಿದಳು. ಗಂಗರಾಜು, ತನುಜರ ತಾಯಿ ಗಂಗುಲಮ್ಮ ಜಗುಲಿಯ ಮೇಲೆ ಕೂತು ಹುಳುವಿನ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಮಗ ಸತ್ತರೂ ಹುಳುವಿಗೆ ಹೊತ್ತು ಹೊತ್ತಿಗೆ ಹಾಕಲೇಬೇಕು. ತನುಜ ಬಾಗಿಲಲ್ಲಿ ನಿಂತಿದ್ದಳು.

ರಾಮಲಕ್ಷ್ಮಮ್ಮ ಕೂರಲಿಲ್ಲ. ನಿಂತೇ ಹೇಳಿದಳು. ಪೂಜೆಯ ತಟ್ಟೆಯಿಂದ ಶುರುಮಾಡಿ ಆವುಲಪ್ಪ ಆ ಬೋಲ್ಟನ್ನು ಗಂಗರಾಜುವಿನ ಕಡೆಗೆ ಯಾಕೆ ಹಾಕಿದ ಎನ್ನುವವರೆಗೆ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು, ಅಳಲು ತನಗೇನು ಹಕ್ಕಿದೆ ಎನ್ನಿಸಿ ಕಣ್ಣೊರೆಸಿಕೊಂಡಳು.

ಮೊದಲು ಅಲುಗಿದವಳು ತನುಜ.

"ಅವ್ರೆಲ್ಲಿ?"

"ಬಸ್‌ಸ್ಟಾಪ್ ಹತ್ರ ನಿಂತವ್ನಮ್ಮ. ಬರಕ್ಕೆ ಧೈರ್ಯ ಆಗ್ಲಿಲ್ಲ ಅವನಿಗೆ."

ತನುಜ ತಾಯಿಯ ಮುಖ ನೋಡಿದಳು. ಗಂಗುಲಮ್ಮ ಬೇಡ ಎನ್ನಲಿಲ್ಲ. ತನುಜ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬರಿಗಾಲಲ್ಲೇ ಬೀದಿಗಿಳಿದು ಬಸ್ ನಿಲ್ಲುವ ಕಡೆಗೆ ನಡೆದಳು, ಆಮೇಲೆ ಓಡಿದಳು.

ಜಗುಲಿಯಲ್ಲಿ ಇಬ್ಬರೇ ಉಳಿದರು. ಇಬ್ಬರ ಹಣೆಯೂ ಬರಿದು. ರಾಮಲಕ್ಷ್ಮಮ್ಮ ಎಲ್ಲ ಬೈಗುಳಕ್ಕೂ ತಯಾರಾಗಿದ್ದಳು. ಮುಂಡೆ ಕೈಯ ಕುಂಕುಮ ನನ್ನ ಮಗನನ್ನು ತಿಂತು ಎನ್ನುತ್ತಾಳೆ, ಅನ್ನಲಿ ಎಂದುಕೊಂಡಿದ್ದಳು. ಆ ಮಾತು ಬಂದರೆ ಒಂದು ಥರ ಹಗುರ. ಊರೂರೇ ಆಡುವ ಮಾತು ಅದು, ಅದನ್ನು ಹೊತ್ತುಕೊಂಡು ಬದುಕಬಹುದು. ಗಂಗುಲಮ್ಮ ಆ ಮಾತು ಎತ್ತಲಿಲ್ಲ.

"ಆ ಬೋಲ್ಟುಗಳನ್ನ ತಂದಿದೀಯಾ?" ಎಂದಳು.

ರಾಮಲಕ್ಷ್ಮಮ್ಮ ಚೀಲದಿಂದ ಮುರಿದದ್ದನ್ನೂ ಇಡಿಯದನ್ನೂ ತೆಗೆದು ಕೊಟ್ಟಳು. ಗಂಗುಲಮ್ಮ ಕುಡುಗೋಲು ಪಕ್ಕಕ್ಕಿಟ್ಟು, ಸೊಪ್ಪಿನ ಹಸಿರು ಹತ್ತಿದ ಕೈಗಳನ್ನು ಸೀರೆಗೆ ಒರೆಸಿಕೊಂಡು, ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದಳು. ತೂಗಿ ನೋಡಿದಳು. ಹೆಬ್ಬೆರಳಿನಿಂದ ಎರಡರ ತಲೆಯನ್ನೂ ಸವರಿದಳು.

"ಒಂದೇ ಥರ ಅವೆಯಲ್ಲಮ್ಮ ಎರಡೂ. ಹೆಂಗೆ ಗೊತ್ತಾಗ್ತದೆ?"

"ಗಟ್ಟಿ ಬೋಲ್ಟಿಗೆ ತಲೆ ಮೇಲೆ ನಂಬರು ಇರ್ತದಮ್ಮ. ಇದಕ್ಕೈತೆ ನೋಡು. ಅದಕ್ಕಿಲ್ಲ."

"ಅದನ್ನ ಓದಿದ್ರೆ ಗೊತ್ತಾಗ್ತದಾ?"

"ಗೊತ್ತಾಗ್ತದೆ."

ಗಂಗುಲಮ್ಮ ನಂಬರಿದ್ದ ಬೋಲ್ಟನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ವಾಪಸು ಕೊಟ್ಟಳು. ಮುರಿದದ್ದನ್ನು ಮಡಿಲಿಗೆ ಹಾಕಿಕೊಂಡಳು.

"ನಂಗೆ ಓದು ಬರಲ್ಲಮ್ಮ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಕೇಳುವವಳ ಹಾಗೆ ತಲೆಯೆತ್ತಿ ಕೇಳಿದಳು. "ನಿಂಗೆ ಬರ್ತದಾ?"

"ಬರ್ತದಮ್ಮ" ಎಂದಳು ರಾಮಲಕ್ಷ್ಮಮ್ಮ.