ಬೇಲಿಯಾಚೆಯ ಗುಂಡಿಗಳು

ಮಾರ್ಚಿನಲ್ಲಿ ಕೋಕರ್ ನಮ್ಮ ಮನೆ ಪಕ್ಕದ ಜಾಗ ಕೊಂಡ. ಸೇಂಟ್ ಹೆಲೆನಾ ದ್ವೀಪದ, ಕರಿಯರೇ ಇರುವ ನಮ್ಮ ರಸ್ತೆಗೆ ಬಂದ ಮೊದಲ ಬಿಳಿಯ ಅವನೇ. ಕಂಡಾಗಲೆಲ್ಲ ಟೋಪಿ ಎತ್ತಿ ನಮಸ್ಕರಿಸುತ್ತಿದ್ದ.

ಮೇ ತಿಂಗಳ ಒಂದು ಬೆಳಗ್ಗೆ ಬೇಲಿಯಾಚೆ ಉದ್ದನೆಯ ಗುಂಡಿ ಕಂಡಿತು. ಮರುದಿನ ಇನ್ನೊಂದು. ಐದಾದವು. ಅವನು ಸಲಿಕೆ ಹಿಡಿದದ್ದನ್ನು ಯಾರೂ ನೋಡಲಿಲ್ಲ. ಮನೆಯಲ್ಲಿ ನಾವು ಐದು ಜನ: ಅಣ್ಣ ಲೂಷಿಯಸ್, ಅತ್ತಿಗೆ ಅರ್ನೆಸ್ಟೀನ್, ಅವರ ಮಗಳು ರೆನೆಟಾ, ಅವಳ ನಾಲ್ಕು ವರ್ಷದ ಮಗಳು ಓಪಲ್, ನಾನು. ಅತ್ತಿಗೆ ಬೇಲಿಯ ಸಂದಿನಿಂದ ಕೋಲು ಚಾಚಿ ಅಳೆದಳು. ಒಂದು ಸರಿಯಾಗಿ ಓಪಲ್‌ಳಷ್ಟೇ ಉದ್ದವಿತ್ತು.

ದೂರು ಕೊಟ್ಟಾಗ ಶೆರಿಫ್ ಕಚೇರಿಯಿಂದ ಬಂದ ಪೊಲೀಸ್ ಹುಡುಗ ಕತ್ತು ತುರಿಸಿಕೊಂಡ. "ಅವನ ಜಾಗ, ಅಮ್ಮಾ. ಗಿಡ ನೆಡ್ತೀನಿ ಅಂತಾನೆ. ಏನಂತ ಕೇಸ್ ಹಾಕ್ಲಿ?"

"ದ್ವೇಷ ಅಂತ ಹಾಕು," ಎಂದಳು ಅತ್ತಿಗೆ.

"ಅಂಥ ಕಾನೂನು ನಮ್ಮ ರಾಜ್ಯದಲ್ಲಿಲ್ಲ."

ಆ ಕಾನೂನಿನ ಮಸೂದೆ ರಾಜ್ಯದ ರಾಜಧಾನಿ ಕೊಲಂಬಿಯಾದ ಶಾಸನಸಭೆಯಲ್ಲಿ ಚರ್ಚೆಗೆ ಬಂದಾಗ ಅತ್ತಿಗೆ ಸಾಕ್ಷಿ ಹೇಳಲು ಹೋದಳು. ನಾನೂ ಜೊತೆಗಿದ್ದೆ.

"ದ್ವೇಷ ಇಲ್ಲದ ಅಪರಾಧ ಯಾವ್ದಿದೆ? ಮನಸ್ಸಲ್ಲಿರೋದಕ್ಕೆ ಶಿಕ್ಷೆ ಕೊಡೋಕಾಗುತ್ತಾ?" ಎಂದ, ಮಸೂದೆ ವಿರೋಧಿಸುತ್ತಿದ್ದ ಸದಸ್ಯನೊಬ್ಬ.

"ಮನಸ್ಸಲ್ಲಿರೋದನ್ನ ಅವನು ನೆಲದಲ್ಲಿ ತೋಡಿದಾನೆ, ಸ್ವಾಮಿ," ಎಂದಳು ಅತ್ತಿಗೆ.

ಮಸೂದೆ ತಂದ ಹೆಂಗಸು ಆಮೇಲೆ ಹೊರಗೆ ಬಂದು ಅವಳ ಕೈ ಹಿಡಿದುಕೊಂಡಳು. "ಕ್ಷಮಿಸಿ. ಇದು ಪಾಸಾದ್ರೂ ನಿಮಗೆ ಉಪಯೋಗವಿಲ್ಲ. ಮೊದಲು ಒಂದು ಅಪರಾಧ ಇರಬೇಕು, ಅದರ ಹಿಂದೆ ದ್ವೇಷ ಇದ್ರೆ ಶಿಕ್ಷೆ ಹೆಚ್ಚು. ತನ್ನ ನೆಲ ತಾನು ಅಗೆಯೋದು ಅಪರಾಧವಲ್ಲ."

ಸಂಜೆ ಮರಳಿದಾಗ ಆರನೆಯ ಗುಂಡಿ ಕಾದಿತ್ತು. ಮೊಳದಷ್ಟು ಉದ್ದ ಮಾತ್ರ. ರೆನೆಟಾ ಒಂದು ಕೈಯಲ್ಲಿ ಬೇಲಿ ಹಿಡಿದು, ಇನ್ನೊಂದನ್ನು ಹೊಟ್ಟೆಯ ಮೇಲಿಟ್ಟು ನಿಂತುಬಿಟ್ಟಳು.

"ಅಮ್ಮಾ, ನಂಗೇ ನಿನ್ನೆ ಗೊತ್ತಾಗಿದ್ದು. ಇನ್ನೂ ಯಾರಿಗೂ ಹೇಳಿಲ್ಲ."

ಅತ್ತಿಗೆ ಚರ್ಚಿಗೆ ಹಾಕುವ ತನ್ನ ಒಳ್ಳೆಯ ಉಡುಪಿನಲ್ಲೇ ಬೇಲಿ ದಾಟಿ, ಮೊಣಕಾಲೂರಿ, ಬರಿಗೈಯಲ್ಲಿ ಆ ಗುಂಡಿ ಮುಚ್ಚಿದಳು. ಕೋಕರ್ ಕಿಟಕಿಯಿಂದ ನೋಡುತ್ತಿದ್ದ, ಟೋಪಿ ಎತ್ತಿದ.

ಮರುದಿನ ಬಂದದ್ದು ಅದೇ ಹುಡುಗ. ಬೇರೆಯವರ ಜಾಗಕ್ಕೆ ನುಗ್ಗಿದ್ದಕ್ಕೆ ಅತ್ತಿಗೆಯ ಮೇಲೆ ದಂಡದ ಚೀಟಿ ಬರೆದ.

"ನಾನ್ಯಾಕೆ ನುಗ್ಗಿದೆ ಅಂತ ಬರ್ದ್ಯಾ, ಮಗಾ?"

"ಅದಕ್ಕೆ ಇದ್ರಲ್ಲಿ ಜಾಗ ಇಲ್ಲಮ್ಮಾ."

ಮಸೂದೆ ಆ ವರ್ಷ ಬಿದ್ದುಹೋಯಿತು. ರೆನೆಟಾಳನ್ನು ಸವಾನಾ ಊರಿನ ನಂಟರ ಮನೆಗೆ ಕಳಿಸಿದೆವು. ಅಲ್ಲೇ ಹೆರಿಗೆಯಾಯಿತು; ಗಂಡುಮಗು, ಗಟ್ಟಿಮುಟ್ಟಾಗಿದೆ. ಕೋಕರ್ ಇಂದಿಗೂ ಒಂದು ಗಿಡವನ್ನೂ ನೆಟ್ಟಿಲ್ಲ. ಆ ಐದು ಗುಂಡಿಗಳೂ ಹಾಗೇ ಇವೆ, ಎಷ್ಟು ಮಳೆ ಬಂದರೂ ಅಂಚು ಕುಸಿಯುವುದಿಲ್ಲ.