ಲಿಂಗಕ್ಕೆ ತೋರಿಸದ ನೀರು

ವೈಶಾಖದ ಬಿಸಿಲಲ್ಲಿ ಬೆಟ್ಟ ಹತ್ತಿ ಬಾ ಎಂದು ಯಾವ ದೇವರೂ ಕೇಳಿರಲಿಲ್ಲ. ಹರಕೆ ಹೊತ್ತವರು ಪಂಚಾಕ್ಷರಯ್ಯನವರೇ. ತರಗುಪೇಟೆಯಲ್ಲಿ ಬೆಲ್ಲದ ಮಂಡಿ, ಚಾಮರಾಜಪೇಟೆಯಲ್ಲಿ ಮನೆ, ಅರವತ್ತು ದಾಟಿದ ಮೈ. ಮೊಮ್ಮಗಳ ವಿಷಮಶೀತಜ್ವರ ಇಳಿದರೆ ಸಾವನದುರ್ಗದ ನೆತ್ತಿಯ ಮೇಲಿರುವ ನಂದಿಗೆ ಬರಿಗಾಲಲ್ಲಿ ಹತ್ತಿ ಬಂದು ಬಿಲ್ವ ಏರಿಸುತ್ತೇನೆ ಎಂದಿದ್ದರು. ಜ್ವರ ಇಳಿಯಿತು. ಎರಡು ಮಳೆ ಬೀಳಲಿ, ಆಮೇಲೆ ಹೋಗೋಣ ಎಂದು ಹೆಂಡತಿ ಬಸವಮ್ಮ ಅಂದರೆ, "ಜ್ವರ ಇಳಿಸೋಕೆ ಶಿವ ಮಳೆಗಾಲ ಕಾದ್ನೇನೆ?" ಎಂದು ಬಾಯಿ ಮುಚ್ಚಿಸಿದರು.

ಹೊರಡುವ ದಿನ ಬೆಳಗ್ಗೆ ಬಸವಮ್ಮ ಇನ್ನೊಂದು ಮಾತು ತೆಗೆದರು. ಪಂಚಾಕ್ಷರಯ್ಯನವರು ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸುತ್ತಿದ್ದ ಕರಡಿಗೆ ಗಟ್ಟಿ ಬೆಳ್ಳಿಯದು.

"ರೀ, ಆ ಕಾಡಲ್ಲಿ ಕಳ್ಳರಿದಾರಂತೆ. ಬೆಳ್ಳಿ ಕಂಡ್ರೆ ಕೊರಳಿಗೇ ಕೈ ಹಾಕ್ತಾರಂತೆ. ಇವತ್ತೊಂದಿನ ಬಟ್ಟೇಲಿ ಕಟ್ಕೊಳ್ಳಿ."

ಪೆಟ್ಟಿಗೆಯ ತಳದಿಂದ ಹಳೆಯ ರೇಷ್ಮೆಯ ತುಂಡೊಂದನ್ನು ಅವರೇ ತೆಗೆದುಕೊಟ್ಟರು. ಪೂಜೆ ಮುಗಿಸಿ, ಲಿಂಗವನ್ನು ಅದರಲ್ಲಿ ಸುತ್ತಿ, ಪಂಚಾಕ್ಷರಯ್ಯನವರು ಕೊರಳಿಗೆ ಕಟ್ಟಿಕೊಂಡರು.

ಕಲಾಸಿಪಾಳ್ಯದಲ್ಲಿ ಗಂಡಹೆಂಡತಿ ಬಸ್ಸು ಹತ್ತಿದಾಗ ಪಕ್ಕದ ಮನೆಯ ನಾರಾಯಣಪ್ಪನೂ ಜೊತೆಗಿದ್ದರು. ಕಚೇರಿಯ ಗುಮಾಸ್ತರು, ಬಾಯಿ ಸುಮ್ಮನಿರದ ಮನುಷ್ಯ. ಮಾಗಡಿಯ ದಾರಿಯಲ್ಲಿ ಇಳಿದು ನಡೆದು ಬೆಟ್ಟದ ಬುಡಕ್ಕೆ ಬರುವ ಹೊತ್ತಿಗೇ ಅವರ ಅಂಗಿ ಬೆನ್ನಿಗೆ ಅಂಟಿತ್ತು.

"ಅಲ್ಲ ಅಯ್ನೋರೆ, ನಿಮ್ಮ ನಂದಿಗೆ ಕೆಳಗೆಲ್ಲೂ ಜಾಗ ಸಿಗಲಿಲ್ವಾ?"

"ಕೆಳಗಿದ್ದಿದ್ರೆ ನೀನು ಕಚೇರಿಗೆ ಹೋಗ್ತಾ ಹೋಗ್ತಾನೇ ಕೈ ಮುಗಿದು ಮುಗಿಸ್ಬಿಡ್ತಿದ್ದೆ. ನಡಿ, ನಡಿ."

ಬರಿಯ ಬಂಡೆಯ ಮೇಲೆ ಕಾಲಿಡುವಂತಿರಲಿಲ್ಲ. ಕಾದ ಹೆಂಚಿನಂತೆ ಸುಡುತ್ತಿತ್ತು. ಹರಕೆಯ ಹಾದಿಯೆಂದು ಚಪ್ಪಲಿಯನ್ನು ಕೆಳಗೇ ಬಿಟ್ಟಿದ್ದರು. ಅದಕ್ಕೇ ಬಂಡೆಯ ಪಕ್ಕದ ಕುರುಚಲು ಕಾಡಿನೊಳಗೆ ನುಗ್ಗಿದರು. ನೆರಳೆಂಬ ಆಸೆಯಷ್ಟೇ, ಅಲ್ಲಿ ಲಂಟಾನದ ಪೊದೆ, ಜಾಲಿ, ಒಣಗಿ ನಿಂತ ಬಿದಿರು. ಗಾಳಿ ಎಲೆಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಮುಳ್ಳು ಸೆರಗನ್ನು ಹಿಡಿಯುವುದು, ಬಿಡಿಸಿಕೊಳ್ಳುವುದು, ಮತ್ತೆ ಹಿಡಿಯುವುದು. ಕೆಲವೆಡೆ ಬಗ್ಗಿ, ಕೆಲವೆಡೆ ಮೊಣಕಾಲೂರಿ ಹತ್ತಿದರು. ಪಂಚಾಕ್ಷರಯ್ಯನವರ ಬಾಯಲ್ಲಿ ಮೊದಮೊದಲು ಶಿವನಾಮವಿತ್ತು. ಆಮೇಲೆ ಏದುಸಿರು ಮಾತ್ರ ಕೇಳಿಸಿತು.

ಒಂದು ಕಲ್ಲಿನ ಮರೆ ಸಿಕ್ಕಿತು. ಬಸವಮ್ಮ ಚೊಂಬಿನ ಮುಚ್ಚಳ ತೆಗೆದು ಮೊದಲು ಗಂಡನಿಗೆ ಕೊಟ್ಟರು. ತುತ್ತಾಗಲಿ ಗುಟುಕಾಗಲಿ, ಲಿಂಗಕ್ಕೆ ತೋರಿಸದೆ ಬಾಯಿಗಿಟ್ಟವರಲ್ಲ ಅವರು. ಎಡಗೈಯಲ್ಲಿ ಚೊಂಬು ಹಿಡಿದು ಬಲಗೈಯನ್ನು ಎದೆಗೆ ಒಯ್ದರು.

ಕೈ ಅಲ್ಲೇ ನಿಂತಿತು.

ರೇಷ್ಮೆಯ ತುಂಡು ಕೊರಳಲ್ಲಿತ್ತು. ನಡುವೆ ಉದ್ದಕ್ಕೂ ಸೀಳಿತ್ತು. ಒಳಗೆ ಏನೂ ಇರಲಿಲ್ಲ.

ಚೊಂಬನ್ನು ಅವರು ಮೆಲ್ಲಗೆ ಕೆಳಗಿಟ್ಟರು. "ಬಸಮ್ಮ," ಎಂದರು. ಸೀಳಿದ ಬಟ್ಟೆಯನ್ನು ಬೆರಳಲ್ಲಿ ಎತ್ತಿ ತೋರಿಸಿದರು.

ಮೂವರೂ ಬಂದ ದಾರಿಯಲ್ಲೇ ಹಿಂದಿರುಗಿ ಹುಡುಕಿದರು. ಬಂದ ದಾರಿ ಯಾವುದು? ಎಲ್ಲ ಪೊದೆಯೂ ಒಂದೇ ಪೊದೆ, ಎಲ್ಲ ಕಲ್ಲೂ ಒಂದೇ ಕಲ್ಲು. ನೆಲ್ಲಿಕಾಯಿ ಗಾತ್ರದ ಕರಿಯ ಲಿಂಗವೊಂದು ಆ ತರಗೆಲೆಯ ಕಾಡಲ್ಲಿ ಎಲ್ಲಿ ಉರುಳಿತೋ! ಬಸವಮ್ಮ ಬೆರಳಲ್ಲಿ ರಕ್ತ ಬರುವವರೆಗೆ ಪೊದೆಯ ಬುಡ ಕೆದಕಿದರು. ಕಪ್ಪಗೆ ಕಂಡದ್ದೆಲ್ಲ ಆಡಿನ ಹಿಕ್ಕೆ.

ಹೊತ್ತು ನೆತ್ತಿಗೇರಿತು. ಪಂಚಾಕ್ಷರಯ್ಯನವರ ತುಟಿ ಬೂದಿ ಬಣ್ಣಕ್ಕೆ ತಿರುಗಿತು.

"ಒಂದು ಗುಟುಕು ಕುಡೀರಿ ಅಯ್ನೋರೆ," ನಾರಾಯಣಪ್ಪ ಅಂಗಲಾಚಿದರು. "ನಾಳೆ ಮಠಕ್ಕೆ ಹೋದ್ರೆ ಗುರುಗಳು ಬೇರೆ ಲಿಂಗ ಕೊಡ್ತಾರೆ."

"ನಾಳೆ ಕೊಟ್ರೆ ನಾಳೆ ಕುಡೀತೀನಿ."

ಬಸವಮ್ಮ ಸೆರಗಿನೊಳಗಿಂದ ತಮ್ಮ ಕರಡಿಗೆಯನ್ನು ತೆಗೆದರು. "ನನ್ನದಕ್ಕೆ ತೋರಿಸಿ ಕುಡೀರಿ. ತಪ್ಪು ನನ್ನದು, ಪಾಪ ನನಗೇ ಇರ್ಲಿ."

"ಹುಚ್ಚಿ," ಎಂದರು ಅವರು. ಸಿಟ್ಟಿರಲಿಲ್ಲ. "ಅದು ನಿನ್ನ ಪ್ರಾಣ. ಅದರಲ್ಲಿ ನಾನು ಹೆಂಗೆ ಬದುಕ್ಲಿ? ಒಳಗಿಟ್ಕೋ."

ಮತ್ತೆ ಹುಡುಕಲು ಬಗ್ಗಿದವರು ಹಾಗೆಯೇ ಪಕ್ಕಕ್ಕೆ ವಾಲಿದರು. ಕಣ್ಣು ಮೇಲಾಯಿತು. ಮೈ ಬೆಂಕಿಯಂತಿತ್ತು, ಬೆವರೇ ಇರಲಿಲ್ಲ. ಇಬ್ಬರೂ ಸೇರಿ ಕಲ್ಲಿನ ಮರೆಗೆ ಎಳೆದು ತಂದರು. ನಾರಾಯಣಪ್ಪ ಚೊಂಬು ಎತ್ತಿ ತಲೆಗೆ, ಎದೆಗೆ ನೀರು ತಟ್ಟಿದರು. ಬಾಯಿಯ ಹತ್ತಿರ ಒಯ್ದು, ಬಸವಮ್ಮನ ಮುಖ ನೋಡಿದರು.

"ನಾನು ಕುಡಿಸ್ಲಾ ಅಕ್ಕಾ? ನೀವು ಹೇಳಿ. ನಂಗೊತ್ತಾಗಲ್ಲ."

ಶಿವನನ್ನು ಕೇಳೋಣವೆಂದರೆ ಮೇಲೆ ಬಿಳಿಚಿಕೊಂಡ ಆಕಾಶ. ಗಂಡನನ್ನು ಕೇಳೋಣವೆಂದರೆ ಅವರು ಆಗಲೇ ಬೇಡವೆಂದವರು. ಕುಡಿಸಿದರೆ ಅವರ ನೇಮ ಹೋಯಿತು. ಕುಡಿಸದಿದ್ದರೆ ಅವರೇ ಹೋದರು. ಯಾವುದು ಹೋದರೂ ಬಸವಮ್ಮನ ಕೈಯಿಂದಲೇ ಹೋಗಬೇಕಿತ್ತು.

"ಕೊಡಿ ಇಲ್ಲಿ," ಎಂದರು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟು, ಸೆರಗಿನ ತುದಿಯನ್ನು ನೀರಿಗದ್ದಿ ತುಟಿಯ ಮೇಲೆ ಹಿಂಡಿದರು. ಮೊದಲನೆಯದು ಕೆನ್ನೆಗೆ ಇಳಿದುಹೋಯಿತು. ಮತ್ತೊಮ್ಮೆ ಹಿಂಡಿದಾಗ ಗಂಟಲು ಅಲ್ಲಾಡಿತು.

ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟರು. ನಾಲಿಗೆಯಿಂದ ತುಟಿ ಸವರಿಕೊಂಡರು. ಒದ್ದೆಯಾಗಿತ್ತು.

"ಕುಡಿಸಿದ್ಯಾ?"

ಇಲ್ಲವೆನ್ನಲು ಬಸವಮ್ಮನಿಗೆ ಬಾಯಿ ಬರಲಿಲ್ಲ. "ಕುಡಿಸ್ದೆ."

ಪಂಚಾಕ್ಷರಯ್ಯನವರು ಮುಖವನ್ನು ಕಲ್ಲಿನ ಕಡೆ ತಿರುಗಿಸಿದರು. ಬೈದಿದ್ದರೆ ಬಸವಮ್ಮ ತಾಳಿಕೊಳ್ಳುತ್ತಿದ್ದರು. ಎಲ್ಲೋ ಒಂದು ಹಕ್ಕಿ ಬಿಟ್ಟೂ ಬಿಡದೆ ಕೂಗುತ್ತಿತ್ತು.

ಆಮೇಲೆ ಅವರ ಕೈ ಮಿಸುಕಿತು. ಮುಖ ಅತ್ತ ಕಡೆಯೇ ಇತ್ತು. ಕೈ ಮಾತ್ರ ನೆಲದ ಮೇಲೆ ತಡವರಿಸುತ್ತ ತಾನಾಗಿ ಚೊಂಬಿನ ಹತ್ತಿರ ಬಂದು ಅದರ ಕಂಠವನ್ನು ಹಿಡಿಯಿತು. ಬಸವಮ್ಮ ಭುಜಕ್ಕೆ ಆಸರೆ ಕೊಟ್ಟು ಎಬ್ಬಿಸಿದರು. ಚೊಂಬಿಗೆ ಬಾಯಿ ಹಚ್ಚಿ ಅವರು ಗಟಗಟನೆ ಕುಡಿದರು. ಕುಡಿಯುತ್ತಲೇ ಅಳುತ್ತಿದ್ದರು. ಅಳುವುದನ್ನಾಗಲಿ, ಕುಡಿಯುವುದನ್ನಾಗಲಿ ನಿಲ್ಲಿಸಲು ಅವರಿಂದ ಆಗಲಿಲ್ಲ.